ವಸಂತದ ಊಟದಲ್ಲಿ ಎತ್ತಿದ ಚೀಟಿ

ಹ್ಯಾರಿಸ್‌ಬರ್ಗ್
5 ಮಾರ್ಚ್ 2018

ವರ್ಲಿನ್ ಅಣ್ಣ,

ಕ್ರಿಸ್‌ಮಸ್ ದಿನ ನೀನು ಊಟದ ಮೇಜಿನಿಂದ ಎದ್ದು ಹೋಗಿ ಗ್ಯಾರೇಜಿನಲ್ಲಿ ಕೂತ ಮೇಲೆ ನಾವು ಮಾತಾಡಿಲ್ಲ. ಫೋನ್ ಮಾಡಿದಾಗಲೆಲ್ಲ ಕಾರ್ಲೀನ್ ಅತ್ತಿಗೆಯೇ ಎತ್ತುತ್ತಾರೆ. ಕೊನೆಗೆ ಮೊನ್ನೆ ಅವರು ಹೇಳಿದ್ದು ಇಷ್ಟು: "ನಿಮ್ಮಣ್ಣಂಗೆ ಒಂದು ಕಿವಿ ಕೇಳ್ಸಲ್ಲ, ನಿನಗೆ ಎರಡೂ ಕೇಳ್ಸಲ್ಲ. ಫೋನಲ್ಲಿ ಕೂಗಾಡಿ ನನ್ನ ತಲೆ ತಿನ್ಬೇಡಿ. ಕಾಗದ ಬರ್ಕೊಳ್ಳಿ." ಅತ್ತಿಗೆಯ ಮಾತು ಮೀರಿದವರು ಆ ಮನೆಯಲ್ಲಿ ಊಟ ಮಾಡಿದ್ದುಂಟೇ? ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಜಗಳಕ್ಕೆ ಕಾರಣವಾದ ಮಸೂದೆ ಈಗ ಶಾಸನಸಭೆಯ ನಮ್ಮ ಸಮಿತಿಗೆ ಬಂದಿದೆ. ನೀನು ಪತ್ರಿಕೆಯಲ್ಲಿ ಓದಿದ್ದು ಅರ್ಧ ಸುಳ್ಳು. ವಿಷಯ ಇಷ್ಟೇ: ಒಬ್ಬನ ಕೈಯಲ್ಲಿ ಸದ್ಯಕ್ಕೆ ಬಂದೂಕು ಇರುವುದು ಅಪಾಯ ಎಂದು ಮನೆಯವರು ಹೋಗಿ ನ್ಯಾಯಾಧೀಶರ ಮುಂದೆ ಹೇಳಿದರೆ, ಅವರಿಗೆ ನಿಜ ಅನಿಸಿದರೆ, ಅವನ ಬಂದೂಕುಗಳನ್ನು ಕೆಲವು ಕಾಲ ತೆಗೆದಿಡಬಹುದು. ಅಷ್ಟು ದಿನ ಹೊಸದನ್ನೂ ಅವನು ಪಡೆಯುವಂತಿಲ್ಲ. ಫ್ಲೋರಿಡಾದ ಶಾಲೆಯಲ್ಲಿ ಕಳೆದ ತಿಂಗಳು ಒಬ್ಬ ಗುಂಡು ಹಾರಿಸಿ ಮಕ್ಕಳನ್ನು ಕೊಂದ ಮೇಲೆ ಇಲ್ಲಿ ಎಲ್ಲರಿಗೂ ಏನಾದರೂ ಮಾಡಬೇಕು ಎಂಬ ಗಡಿಬಿಡಿ. ಸಮಿತಿಯಲ್ಲಿ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ಮಧ್ಯದಲ್ಲಿ ನಿನ್ನ ತಂಗಿ.

ಬಂದೂಕು ಸಂಘದವರು ಚುನಾವಣೆಗೆ ಮುಂಚೆ ನಮಗೆಲ್ಲ ಮಾರ್ಕು ಹಾಕುತ್ತಾರಲ್ಲ, ಶಾಲೆಯ ಮಕ್ಕಳಿಗೆ ಹಾಕಿದ ಹಾಗೆ. ನಾನು ಶಾಸಕಿ ಆದಾಗಿನಿಂದ ನನ್ನದು ಎ. ಗಣಿತದಲ್ಲಿ ಜೀವಮಾನದಲ್ಲಿ ಕಾಣದ ಎ. ಈ ಒಂದು ಮತ ಮಸೂದೆಯ ಪರ ಹಾಕಿದರೆ ಅದು ಎಫ್ ಆಗುತ್ತದೆ, ನವೆಂಬರಿನ ಚುನಾವಣೆಯಲ್ಲಿ ಸೋತು ನಾನು ಮನೆಗೆ ಬಂದು ನಿನ್ನ ಜೊತೆ ಗ್ಯಾರೇಜಿನಲ್ಲಿ ಕೂರುತ್ತೇನೆ. ಹಾಗಾಗಿ ಕೇಳುತ್ತಿದ್ದೇನೆ: ಊರಿನಲ್ಲಿ ಜನ ಏನೆನ್ನುತ್ತಾರೆ? ನೀನು ಬೇಟೆ ಕ್ಲಬ್ಬಿನ ಕಾರ್ಯದರ್ಶಿ, ನಿನಗೆ ಗೊತ್ತಿರದೆ ಹೆಮ್ಲಾಕ್ ಗ್ಯಾಪ್‌ನಲ್ಲಿ ನಾಯಿಯೂ ಬೊಗಳುವುದಿಲ್ಲ.

ಡೆರಿಕ್ ಮನೆಗೆ ವಾಪಸು ಬಂದಿದ್ದಾನಂತೆ. ಮಗ ಮನೆಯಲ್ಲಿದ್ದರೆ ಅತ್ತಿಗೆಗೆ ಖುಷಿ ಇರಬೇಕು. ಅವನಿಗೆ ಅತ್ತೆಯ ಪ್ರೀತಿ ತಿಳಿಸು.

ನಾಡೀನ್


ಹೆಮ್ಲಾಕ್ ಗ್ಯಾಪ್
14 ಮಾರ್ಚ್ 2018

ನಾಡೀನ್,

ಕ್ಲಬ್ಬಿನ ಹೆಸರು ಹೊತ್ತ ಕಾಗದದಲ್ಲಿ ಬರೆದಿದ್ದಾನೆ ಎಂದು ಹುಬ್ಬು ಏರಿಸಬೇಡ. ಮನೆಯಲ್ಲಿ ಬೇರೆ ಕಾಗದ ಇಲ್ಲ.

ಊರು ಹೇಗಿದೆ ಎಂದು ಕೇಳಿದ್ದೀಯ. ಊರು ಇದ್ದ ಹಾಗೇ ಇದೆ. ಸಂಘದವರು ಲಾರಿಯಲ್ಲಿ ಬೋರ್ಡು ಕಳಿಸಿದ್ದರು, "ನಮ್ಮ ಬಂದೂಕು ಮುಟ್ಟಬೇಡಿ" ಎಂದು ಬರೆದದ್ದು. ಕ್ಲಬ್ಬಿನ ಪರವಾಗಿ ನಾನೇ ಸುತ್ತಿಗೆ ಹಿಡಿದು ಮನೆಮನೆಗೂ ಹೋದೆ. ಯಾರೂ ಬೇಡ ಎನ್ನಲಿಲ್ಲ. ದನದ ಮೇವಿನಂಗಡಿ ಹಾರ್ಲನ್ ಎರಡು ತಗೊಂಡ. ಚರ್ಚಿನಿಂದ ಸೇತುವೆವರೆಗೆ ಎಲ್ಲರ ಅಂಗಳದಲ್ಲೂ ಇದೆ. ಹೈಸ್ಕೂಲಿನಲ್ಲಿ ಒಂದಷ್ಟು ಮಕ್ಕಳು ತರಗತಿ ಬಿಟ್ಟು ಹಿಮದಲ್ಲಿ ಸುಮ್ಮನೆ ನಿಂತಿದ್ದರಂತೆ, ಫ್ಲೋರಿಡಾದವರಿಗಾಗಿ. ಅವರ ಅಪ್ಪಅಮ್ಮಂದಿರು ಏನೂ ಅನ್ನಲಿಲ್ಲ. ಅದು ನನಗೂ ಆಶ್ಚರ್ಯ.

ಡೆರಿಕ್ ಗ್ಯಾರೇಜಿನ ಮೇಲಿನ ಕೋಣೆಯಲ್ಲಿದ್ದಾನೆ. ಗ್ಯಾಸ್ ಬಾವಿಯ ಕೆಲಸ ಹೋಯಿತು. ಮಾರ್ನಿ ಮಕ್ಕಳನ್ನು ಕರೆದುಕೊಂಡು ತನ್ನ ತಾಯಿಯ ಮನೆಗೆ ಹೋಗಿದ್ದಾಳೆ. ಗಂಡ ಹೆಂಡತಿ ಮಧ್ಯೆ ಇದ್ದದ್ದೇ, ಸರಿಹೋಗುತ್ತದೆ. ಅವನು ಹೆಚ್ಚು ಮಾತಾಡುವುದಿಲ್ಲ. ನಾಯಿ ಅವನ ಕೋಣೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟಿದೆ, ಯಾಕೋ ಗೊತ್ತಿಲ್ಲ.

ನೆಲಮಾಳಿಗೆಯಲ್ಲಿ ಈ ವರ್ಷ ತೇವ ಜಾಸ್ತಿ. ಬಂದೂಕುಗಳಿಗೆ ತುಕ್ಕು ಹಿಡಿಯುತ್ತದೆ ಎಂದು ನಮ್ಮವನ್ನೆಲ್ಲ, ಡೆರಿಕ್‌ನದೂ ಸೇರಿಸಿ, ಕ್ಲಬ್ಬಿನ ಕಬ್ಬಿಣದ ಕಪಾಟಿನಲ್ಲಿಟ್ಟು ಬಂದೆ. ಕೀಲಿ ನನ್ನ ಹತ್ತಿರ ಇದೆ.

ಒಂದು ಮಾತು. ಆ ಮಸೂದೆಯಲ್ಲಿ, ನ್ಯಾಯಾಧೀಶರ ಹತ್ತಿರ ಹೋಗಬೇಕಾದವರು ಮನೆಯವರೇ ಆಗಬೇಕೋ, ಬೇರೆ ಯಾರಾದರೂ ಆಗಬಹುದೋ? ಹೋದವರ ಹೆಸರು ಹೊರಗೆ ಬರುತ್ತದೋ? ಯಾರ ಮೇಲೆ ಹೇಳಿದರೋ ಅವನಿಗೆ ಗೊತ್ತಾಗುತ್ತದೋ? ಕ್ಲಬ್ಬಿನಲ್ಲಿ ಕೇಳುತ್ತಿದ್ದರು.

ವರ್ಲಿನ್


ಹ್ಯಾರಿಸ್‌ಬರ್ಗ್
26 ಮಾರ್ಚ್ 2018

ಅಣ್ಣ,

ಕ್ಲಬ್ಬಿನಲ್ಲಿ ಕೇಳುತ್ತಿದ್ದರಂತೆ! ನಾನು ನಿನ್ನ ತಂಗಿ ಆಗಿ ಹುಟ್ಟಿದ್ದು ನಿನ್ನೆ ಅಲ್ಲ. ಮನೆಯವರೇ ಒಬ್ಬರ ಮೇಲೊಬ್ಬರು ಚಾಡಿ ಹೇಳುವ ಕಾನೂನು ಎಂದು ನಿಮ್ಮ ಮುಂದಿನ ಕರಪತ್ರದಲ್ಲಿ ಬರೆಯಬೇಕು, ಅದಕ್ಕೆ ನನ್ನ ಬಾಯಿಂದ ಒಂದು ವಾಕ್ಯ ಬೇಕು, ಅಷ್ಟೇ ತಾನೇ? ಕೊಡುವುದಿಲ್ಲ. ನಿಮ್ಮ ಕ್ಲಬ್ಬಿನವರಿಗೆ ಹೇಳು, ಮಸೂದೆ ಓದುವುದಕ್ಕೆ ಪುಕ್ಕಟೆ ಸಿಗುತ್ತದೆ.

ಇಲ್ಲಿ ಒಂದು ತಮಾಷೆ ಆಯಿತು. ಪಕ್ಷದವರು ನನ್ನ ಕ್ಷೇತ್ರದ ಜನರಿಗೆ ಫೋನ್ ಮಾಡಿ ಸಮೀಕ್ಷೆ ಮಾಡಿಸಿದ್ದಾರೆ. ಅದರ ಪ್ರಕಾರ ಮೂವರಲ್ಲಿ ಇಬ್ಬರಿಗೆ ಈ ಕಾನೂನು ಬೇಕಂತೆ. ಬಂದೂಕು ಸಂಘ ಶಾಸಕರನ್ನು ಕುಣಿಸುವುದು ಅತಿಯಾಯಿತು ಅಂತಲೂ ಅಷ್ಟೇ ಜನ ಅಂದರಂತೆ. ಬೇಟೆಗಾರರೂ ಸಹ! ನಾನು ನಕ್ಕುಬಿಟ್ಟೆ. ಸಮೀಕ್ಷೆ ಮಾಡಿದವನಿಗೆ ಹೇಳಿದೆ, "ಫೋನಲ್ಲಿ ಯಾರ ಮುಖಾನೂ ಕಾಣ್ದಿದ್ದಾಗ ಜನ ಏನು ಬೇಕಾದ್ರೂ ಹೇಳ್ತಾರಪ್ಪ. ನಮ್ಮೂರಿನ ಅಂಗಳ ನೋಡ್ಕೊಂಡು ಬಾ." ನಿನ್ನ ಕಾಗದವನ್ನು ಅವನಿಗೆ ತೋರಿಸಿದೆ. ಯಾರೂ ಬೇಡ ಎನ್ನಲಿಲ್ಲ ಎಂದು ನೀನು ಬರೆದ ಸಾಲು.

ಸಂಘದ ಕಡೆಯಿಂದ ಹ್ಯಾಸ್ಕೆಲ್ ಎಂಬವನು ವಾರಕ್ಕೊಮ್ಮೆ ಬಂದು ಕೂರುತ್ತಾನೆ. ಒಳ್ಳೆಯ ಬೂಟು, ಮೆತ್ತಗಿನ ಮಾತು. ಒಂದು ದಿನವೂ ಹೆದರಿಸಿಲ್ಲ. ನನ್ನ ಮೊಣಕಾಲಿನ ನೋವು ಹೇಗಿದೆ ಎಂದು ಮಾತ್ರ ಕೇಳುತ್ತಾನೆ. ನನ್ನ ಮೊಣಕಾಲು ನೋಯುವುದು ಅವನಿಗೆ ಹೇಗೆ ಗೊತ್ತಾಯಿತೋ. ನಮ್ಮೂರಿನ ವಸಂತದ ಊಟದ ಬಗ್ಗೆಯೂ ಕೇಳಿದ. ಪ್ರತಿವರ್ಷ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಹಂದಿಮಾಂಸದ ಊಟ, ಬಂದೂಕೇ ಬಹುಮಾನವಾದ ಲಾಟರಿ, ಚೀಟಿ ಎತ್ತುವುದು ನಾನು ಎಂದೆ. ಫೋಟೋ ತೆಗೆಯುವವನನ್ನು ಕಳಿಸುತ್ತೇನೆ ಎಂದ.

ಅಂದಹಾಗೆ, ನಮ್ಮ ನೆಲಮಾಳಿಗೆಯಲ್ಲಿ ತೇವವೇ? ಅಲ್ಲಿಟ್ಟ ಆಲೂಗಡ್ಡೆ ಒಣಗಿ ಚರ್ಮವಾಗುತ್ತದೆ ಎಂದು ಅಪ್ಪ ಬೈಯುತ್ತಿದ್ದರಲ್ಲ. ನಿನಗೆ ವಯಸ್ಸಾಯಿತು.

ನಾಡೀನ್


ಹೆಮ್ಲಾಕ್ ಗ್ಯಾಪ್
6 ಏಪ್ರಿಲ್ 2018

ನಾಡೀನ್,

ಊಟಕ್ಕೆ ಬರುವಾಗ ಒಂದು ದಿನ ಮುಂಚೆ ಬಾ. ಮೋಟೆಲಿನಲ್ಲಿ ಉಳಿಯಬೇಡ, ಮನೆಗೇ ಬಾ. ಕಾರ್ಲೀನ್ ನಿನಗೆ ಇಷ್ಟದ ಕಾಕಂಬಿ ಪೈ ಮಾಡುತ್ತಾಳೆ. ಡೆರಿಕ್ ಜೊತೆ ಒಂದು ಹೊತ್ತು ಕೂತು ಮಾತಾಡು. ಅವನು ಚಿಕ್ಕವನಿದ್ದಾಗ ನಿನ್ನ ಮಾತು ಕೇಳುತ್ತಿದ್ದ. ನೀನು ಅವನನ್ನು ನೋಡಬೇಕು. ನೋಡಿದ ಮೇಲೆ ನಾನು ನಿನ್ನ ಹತ್ತಿರ ಒಂದು ವಿಷಯ ಕೇಳುತ್ತೇನೆ. ಕಾಗದದಲ್ಲಿ ಬರೆಯುವಂಥದ್ದಲ್ಲ.

ಇದು ಕ್ಲಬ್ಬಿನ ವಿಷಯ ಅಲ್ಲ.

ವರ್ಲಿನ್


ಹ್ಯಾರಿಸ್‌ಬರ್ಗ್
23 ಏಪ್ರಿಲ್ 2018

ಅಣ್ಣ,

ಮುಂಚಿನ ದಿನ ಬರಲಾಗಲಿಲ್ಲ ಎಂದು ಮುಖ ಊದಿಸಿಕೊಂಡಿದ್ದೀಯ, ಗೊತ್ತು. ಆಯವ್ಯಯದ ಸಭೆ ಮುಗಿದಾಗ ಸಂಜೆಯಾಗಿತ್ತು. ನಿಜ ಹೇಳಬೇಕೆಂದರೆ ಒಂದು ರಾತ್ರಿಯಿಡೀ ನಿನ್ನ ಅಡುಗೆಮನೆಯಲ್ಲಿ ಕೂರಿಸಿಕೊಂಡು ನೀನು ನನ್ನನ್ನು ಮಸೂದೆಯ ಮೇಲೆ ಹುರಿಯುತ್ತೀಯ ಅನ್ನಿಸಿತು. ನಿನ್ನ "ಒಂದು ವಿಷಯ" ನನಗೆ ಗೊತ್ತಿಲ್ಲವೇ?

ಆದರೆ ಊಟ ಎಷ್ಟು ಚೆನ್ನಾಗಿತ್ತು! ಇಡೀ ಹಾಲ್ ತುಂಬಿತ್ತು. ಡಬ್ಬಿಯೊಳಗೆ ಕೈಹಾಕಿ ಚೀಟಿ ಎತ್ತಿ ಹೆಸರು ಓದಿದಾಗ ನನಗೇ ನಂಬಿಕೆ ಬರಲಿಲ್ಲ. ಡೆರಿಕ್ ಕೆಸ್ಲರ್! ನನ್ನ ಕೈಯಿಂದ ನನ್ನ ಅಣ್ಣನ ಮಗನಿಗೇ. ಮೋಸ ಮಾಡಿದ್ದೀರಿ ಎಂದು ಹಾರ್ಲನ್ ಕೂಗಿದ, ಎಲ್ಲರೂ ನಕ್ಕರು, ಆಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಚೀಟಿ ತಗೊಂಡದ್ದು ಅತ್ತಿಗೆಯಂತೆ. ಮೊಮ್ಮಕ್ಕಳನ್ನು ಬಿಟ್ಟು ಮನೆಯಲ್ಲಿ ಎಲ್ಲರ ಹೆಸರಿನಲ್ಲೂ ಒಂದೊಂದು ಚೀಟಿ, ಪ್ರತಿವರ್ಷದ ರೂಢಿ. ಅವರ ಮುಖ ಬಿಳಿಚಿಕೊಂಡಿತ್ತು. ಸಂತೋಷಕ್ಕೆ ಹಾಗಾಗುತ್ತದೆ.

ನಿನ್ನ ಮುಖ ಮಾತ್ರ ನೋಡುವ ಹಾಗಿರಲಿಲ್ಲ. ನೀನು ಮೇಜಿನಿಂದ ಅರ್ಧ ಎದ್ದೆ, ಏನೋ ಹೇಳಲು ಬಾಯಿ ತೆರೆದೆ, ಕ್ಲಬ್ಬಿನವರೆಲ್ಲ ನಿನ್ನ ಬೆನ್ನು ತಟ್ಟಿದರು, ಕೂತುಬಿಟ್ಟೆ. ಮಸೂದೆಯ ಸಿಟ್ಟನ್ನು ಮಗನ ಸಂತೋಷದ ಹೊತ್ತಿನಲ್ಲಾದರೂ ಪಕ್ಕಕ್ಕಿಡಬಾರದಿತ್ತೇ?

ಡೆರಿಕ್ ಸೊರಗಿದ್ದಾನೆ. ಕೈ ತಣ್ಣಗಿತ್ತು. ಫೋಟೋದವನು ಇನ್ನೊಂದು ಸಲ, ಇನ್ನೊಂದು ಸಲ ಎಂದು ನಮ್ಮಿಬ್ಬರನ್ನೂ ನಿಲ್ಲಿಸಿ ಬಂದೂಕು ಹಿಡಿಸಿದ. ಮರುದಿನ ಬಂದೂಕಿನಂಗಡಿಯಲ್ಲಿ ಅವನ ಹಿನ್ನೆಲೆಯ ತಪಾಸಣೆ ಮುಗಿಸಿ ಕೈಗೆ ಕೊಟ್ಟರಂತೆ, ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲವಂತೆ. ಅವನ ಮೇಲೆ ಒಂದು ಕಪ್ಪು ಚುಕ್ಕೆ ಇಲ್ಲವಲ್ಲ, ಯಾಕೆ ಹಿಡಿಯುತ್ತದೆ? ಗೆಲುವು ಎಂಬುದು ಮನುಷ್ಯನಿಗೆ ಒಳ್ಳೆಯದು. ಇನ್ನು ಮೇಲೆ ಅವನು ಚೇತರಿಸಿಕೊಳ್ಳುತ್ತಾನೆ, ನೋಡುತ್ತಿರು.

ನಾಡೀನ್


ಹೆಮ್ಲಾಕ್ ಗ್ಯಾಪ್
28 ಮೇ 2018

ನಾಡೀನ್,

ಇದರ ಜೊತೆ ಕ್ಲಬ್ಬಿನ ಮನವಿ ಇಟ್ಟಿದ್ದೇನೆ. ಮಸೂದೆ ಬೇಡ ಎಂದು ಊರಿನವರು ಸಹಿ ಹಾಕಿದ್ದು. ಮೊದಲ ಸಹಿ ನನ್ನದು, ಕಾರ್ಯದರ್ಶಿ ಎಂದಮೇಲೆ ಇರಲೇಬೇಕು. ಅದನ್ನು ಪಕ್ಕಕ್ಕಿಟ್ಟು ಮೊದಲು ಈ ಕಾಗದ ಓದು.

ಹೊಸ ಬಂದೂಕನ್ನೂ ಕ್ಲಬ್ಬಿನ ಕಪಾಟಿನಲ್ಲಿಡೋಣ ಎಂದು ಡೆರಿಕ್‌ಗೆ ಹೇಳಿದೆ. ತೇವದ ಮಾತು ಅವನ ಹತ್ತಿರ ನಡೆಯಲಿಲ್ಲ. "ಅದು ನಂದು. ನಾನು ಗೆದ್ದಿದ್ದು. ಇಡೀ ಊರು ಎದ್ದು ಚಪ್ಪಾಳೆ ಹೊಡೀತು, ನೀನೊಬ್ಬ ಮಾತ್ರ ಹೊಡೀಲಿಲ್ಲ" ಅಂದ. ನಾನು ಹೊಡೆಯಲಿಲ್ಲ, ಅದು ನಿಜ.

ಸಂಜೆ ಹೊತ್ತು ಜಗುಲಿಯಲ್ಲಿ ಕೂತು ಅದನ್ನು ಒರೆಸುತ್ತಾನೆ. ಒಂದು ಗುಂಡೂ ಹಾರಿಸಿಲ್ಲ, ಆದರೂ ಒರೆಸುತ್ತಾನೆ. ಆಮೇಲೆ ಟ್ರಕ್ ತೆಗೆದುಕೊಂಡು ಹೋಗುತ್ತಾನೆ. ಮಾರ್ನಿಯ ತಾಯಿಯ ಮನೆಯ ರಸ್ತೆಯಲ್ಲಿ ದೀಪ ಆರಿಸಿಕೊಂಡು ನಿಂತಿರುತ್ತಾನಂತೆ. ಅಂಚೆಯ ಗ್ಲೆಂಡಾ ಹೇಳಿದಳು. ಮಾರ್ನಿ ಪೊಲೀಸರಿಗೆ ಹೇಳಿದ್ದಾಳೆ. ರಸ್ತೆಯಲ್ಲಿ ಗಾಡಿ ನಿಲ್ಲಿಸುವುದು ಅಪರಾಧ ಅಲ್ಲವಂತೆ, ಬಂದೂಕು ಇಟ್ಟುಕೊಳ್ಳುವುದೂ ಅಲ್ಲವಂತೆ.

ನಾನು ಅವನ ಅಪ್ಪ. ಅವನು ಒದ್ದಾಡುತ್ತಿರುವುದು ನನಗೆ ಕಾಣುತ್ತದೆ. ಕಾರ್ಲೀನ್ ರಾತ್ರಿ ನಿದ್ದೆ ಮಾಡುವುದಿಲ್ಲ. ಆ ಚೀಟಿ ನಾನ್ಯಾಕೆ ತಗೊಂಡೆ, ನಾನ್ಯಾಕೆ ತಗೊಂಡೆ ಎನ್ನುತ್ತಾಳೆ. ಕ್ಲಬ್ಬಿನಲ್ಲಿ ಯಾರಿಗೂ ಹೇಳುವಂತಿಲ್ಲ. ಕೆಸ್ಲರ್ ತನ್ನ ಮಗನ ಬಂದೂಕು ಕಸಿಯಲು ಹೊರಟ ಎಂದರೆ ಆ ಬಾಗಿಲೊಳಗೆ ಮತ್ತೆ ಕಾಲಿಡುವಂತಿಲ್ಲ.

ಅಂಥ ಒಂದು ಕಾನೂನು ಇದ್ದರೆ ಯಾರಾದರೂ ಅದನ್ನು ಬಳಸಿಯೇ ಬಳಸುತ್ತಾರೆ ಎಂದು ನಾನು ಹೇಳುತ್ತಿಲ್ಲ. ಇದ್ದರೆ ಇರಲಿ ಎನ್ನುವವರೂ ಊರಿನಲ್ಲಿ ಒಬ್ಬಿಬ್ಬರು ಇರಬಹುದು. ನೀನು ಬುದ್ಧಿವಂತೆ. ನಿನಗೆ ಸರಿ ಕಂಡದ್ದು ಮಾಡು.

ವರ್ಲಿನ್


ಹ್ಯಾರಿಸ್‌ಬರ್ಗ್
15 ಜೂನ್ 2018

ಅಣ್ಣ,

ಮತದಾನ ಮುಗಿಯಿತು. ನನ್ನ ಒಂದು ಮತದಿಂದ ಮಸೂದೆ ಸಮಿತಿಯಲ್ಲೇ ಸತ್ತಿತು. ಹ್ಯಾಸ್ಕೆಲ್ ಕೈಕುಲುಕಿದ. ನನ್ನ ಎ ಭದ್ರವಾಗಿದೆಯಂತೆ.

ನಿನ್ನ ಕಾಗದ ಓದಿದೆ, ಎರಡು ಸಲ. ತಂದೆಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅಣ್ಣ, ಒಂದೇ ಲಕೋಟೆಯಲ್ಲಿ ನೀನು ಎರಡು ಮಾತು ಕಳಿಸಿದೆ. ಒಂದರ ಕೆಳಗೆ ನಿನ್ನ ಸಹಿಯ ಹಿಂದೆ ಇಡೀ ಊರಿನ ಸಹಿ ಇತ್ತು. ಇನ್ನೊಂದು "ನಿನಗೆ ಸರಿ ಕಂಡದ್ದು ಮಾಡು" ಎಂದು ಮುಗಿದಿತ್ತು. ನನ್ನಂಥವಳು ಯಾವುದನ್ನು ನಂಬಬೇಕು? ನಾನು ನನ್ನ ಜನರ ಜೊತೆ ನಿಂತೆ. ಮತ ಹಾಕುವಾಗ ಆ ಮನವಿಯನ್ನು ಮುಂದೆ ಇಟ್ಟುಕೊಂಡಿದ್ದೆ.

ಡೆರಿಕ್ ವಿಷಯಕ್ಕೆ ಕಾನೂನು ಯಾಕೆ? ಚರ್ಚಿನ ಪಾದ್ರಿಯ ಹತ್ತಿರ ಕರೆದುಕೊಂಡು ಹೋಗು. ಬೇಸಿಗೆ ಬಂತು, ಮೀನು ಹಿಡಿಯಲು ಕರೆದುಕೊಂಡು ಹೋಗು. ಹೆಂಡತಿ ಬಿಟ್ಟುಹೋದ ಗಂಡಸು ಜಗುಲಿಯಲ್ಲಿ ಕೂರದೆ ಇನ್ನೆಲ್ಲಿ ಕೂರುತ್ತಾನೆ?

ಮಾರ್ನಿ ಅವತ್ತು ಇಲ್ಲಿಗೆ ಬಂದಿದ್ದಳು, ನಿನಗೆ ಗೊತ್ತಿತ್ತೇ? ವೃದ್ಧಾಶ್ರಮದ ಕೆಲಸದ ಬಟ್ಟೆಯಲ್ಲೇ ಬಂದು ಸಮಿತಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳಂತೆ. ನನ್ನನ್ನು ನೋಡಬೇಕು ಎಂದಳಂತೆ. ನಾನು ಹೊರಗೆ ಬರುವ ಹೊತ್ತಿಗೆ ಹೊರಟುಹೋಗಿದ್ದಳು. ಪಾಪ, ಪಾಳಿಗೆ ಹೊತ್ತಾಗಿರಬೇಕು.

ನಾಡೀನ್


ಹೆಮ್ಲಾಕ್ ಗ್ಯಾಪ್
2 ಜುಲೈ 2018

ನಾಡೀನ್,

ಕಾಗದ ತಲುಪಿತು. ಹುರುಳಿಕಾಯಿ ಚೆನ್ನಾಗಿ ಬಂದಿದೆ. ಕಾರ್ಲೀನ್‌ಗೆ ಹುಷಾರಿಲ್ಲ.

ಡೆರಿಕ್ ಕಳೆದ ಗುರುವಾರ ಮನೆ ಬಿಟ್ಟ. ಎಲ್ಲಿದ್ದಾನೋ ಹೇಳಿಲ್ಲ. ಬಟ್ಟೆ, ಕಂಬಳಿ ಇಲ್ಲೇ ಇವೆ. ಬಂದೂಕು ತೆಗೆದುಕೊಂಡು ಹೋಗಿದ್ದಾನೆ.

ಮಾರ್ನಿ ಪಾಳಿಗೆ ಹೊತ್ತಾಗಿ ಹೋಗಲಿಲ್ಲ. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು, ಅವತ್ತಿಗೆ ರಜೆ ಹಾಕಿದ್ದಳು. ನೀನು ಇನ್ನೊಂದು ಬಾಗಿಲಿನಿಂದ ಹೊರಗೆ ಹೋದದ್ದನ್ನು ಅವಳು ನೋಡಿದಳಂತೆ. ಕಾರ್ಲೀನ್‌ಗೆ ಹೇಳಿದಳು. ಸಿಟ್ಟಿನಿಂದ ಹೇಳಲಿಲ್ಲ. "ಅವ್ರಿಗೆ ಅರ್ಜೆಂಟಿತ್ತೇನೋ" ಅಂದಳಂತೆ.

ಸ್ವಲ್ಪ ದಿನ ಬರೆಯುವುದಿಲ್ಲ.

ವರ್ಲಿನ್


ಹ್ಯಾರಿಸ್‌ಬರ್ಗ್
20 ಆಗಸ್ಟ್ 2018

ಅಣ್ಣ,

ಒಂದೂವರೆ ತಿಂಗಳಾಯಿತು. ಫೋನ್ ಮಾಡಿದರೆ ಅತ್ತಿಗೆ ನನ್ನ ದನಿ ಕೇಳಿ ಇಟ್ಟುಬಿಡುತ್ತಾರೆ. ನಾನು ಅವರಿಗೆ ಏನು ಮಾಡಿದೆ?

ಪ್ರಚಾರ ಶುರುವಾಗಿದೆ. ನನ್ನ ಎದುರು ನಿಂತವಳು ಹೈಸ್ಕೂಲಿನ ನರ್ಸು. ಅವಳಿಗೆ ದುಡ್ಡಿಲ್ಲ, ಬೋರ್ಡಿಲ್ಲ. ಮನೆಮನೆಗೆ ನಡೆದುಹೋಗಿ ಜಗುಲಿಯ ಮೇಲೆ ಕೂತು ಬಹಳ ಹೊತ್ತು ಮಾತಾಡುತ್ತಾಳಂತೆ. ಏನು ಮಾತಾಡುತ್ತಾಳೆ ಎಂದು ಯಾರನ್ನು ಕೇಳಿದರೂ ಹೇಳುವುದಿಲ್ಲ. ಮೊನ್ನೆ ಹಾರ್ಲನ್ ಅಂಗಡಿಗೆ ಹೋಗಿದ್ದೆ. ನಾನು ಒಳಗೆ ಕಾಲಿಟ್ಟ ತಕ್ಷಣ ಒಳಗಿದ್ದವರ ಮಾತು ನಿಂತಿತು. ನಾನು ಇಷ್ಟು ವರ್ಷ ನೋಡಿದ ಜನರೇ. ಒಬ್ಬೊಬ್ಬರೂ ನನ್ನ ಮೊಣಕಾಲಿನ ಬಗ್ಗೆ ಕೇಳಿದರು. ಬೋರ್ಡುಗಳು ಎಲ್ಲ ಅಂಗಳದಲ್ಲೂ ಹಾಗೇ ಇವೆ, ಆದರೂ ನನಗೆ ಏನೋ ಸರಿ ಕಾಣಲಿಲ್ಲ. ನಿನ್ನ ಹಾಗೆ ನನಗೂ ವಯಸ್ಸಾಗುತ್ತಿದೆ ಎಂದುಕೊಂಡೆ.

ಡೆರಿಕ್ ಎಲ್ಲಿದ್ದಾನೆ ಎಂದು ಗೊತ್ತಾಯಿತೇ? ಪೊಲೀಸ್ ಮುಖ್ಯಸ್ಥರ ಹತ್ತಿರ ಬೇಕಾದರೆ ನಾನು ಮಾತಾಡುತ್ತೇನೆ. ಆದರೆ ಏನೆಂದು ಮಾತಾಡಲಿ? ಅವನು ಏನೂ ಮಾಡಿಲ್ಲವಲ್ಲ.

ಒಂದು ಸಾಲು ಬರೆ.

ನಾಡೀನ್


ಹ್ಯಾರಿಸ್‌ಬರ್ಗ್
27 ಸೆಪ್ಟೆಂಬರ್ 2018

ಅಣ್ಣ,

ಮಾರ್ನಿಯನ್ನು ಮಣ್ಣುಮಾಡುವಾಗ ನಾನು ಹಿಂದೆ, ಬೇಲಿಯ ಹತ್ತಿರ ನಿಂತಿದ್ದೆ. ನೀನು ನನ್ನನ್ನು ನೋಡಿದೆಯೋ ಇಲ್ಲವೋ ಗೊತ್ತಿಲ್ಲ. ಹತ್ತಿರ ಬರುವ ಧೈರ್ಯ ಆಗಲಿಲ್ಲ. ಅವಳ ಮಗಳು ಪುಟ್ಟ ಎಮ್ಮಿ ತನ್ನ ತಮ್ಮನ ಕೈ ಹಿಡಿದುಕೊಂಡು, ಅವನ ಕೋಟಿನ ಗುಂಡಿ ಹಾಕುತ್ತಿದ್ದಳು.

ಪತ್ರಿಕೆಯವರು ಕೇಳಿದಾಗ ನಾನು ಮನೆಯ ದುಃಖ ಎಂದು ಬಾಗಿಲು ಹಾಕಿಕೊಂಡೆ. ಡೆರಿಕ್ ಗುಂಡು ಹಾರಿಸಿದ್ದು ವೃದ್ಧಾಶ್ರಮದ ಗಾಡಿ ನಿಲ್ಲಿಸುವ ಜಾಗದಲ್ಲಿ, ಅವಳು ಪಾಳಿ ಮುಗಿಸಿ ಹೊರಗೆ ಬರುತ್ತಿದ್ದಾಗ ಎಂದು ಓದಿದೆ. ಯಾವ ಬಂದೂಕು ಎಂದು ಅವರು ಬರೆದಿರಲಿಲ್ಲ. ಪೊಲೀಸ್ ಮುಖ್ಯಸ್ಥರನ್ನು ಕೇಳಿದೆ. ಅವರು ನನ್ನ ಮುಖ ನೋಡಿ, "ನಿಮಗೆ ಗೊತ್ತಿರ್ಬೇಕಲ್ಲ ಮೇಡಂ" ಅಂದರು.

ಇಷ್ಟು ಮಾತ್ರ ಹೇಳು. ನೀನು ಮಾರ್ಚ್‌ನಲ್ಲೇ ಕೇಳಿದ್ದೆಯಲ್ಲ, ಯಾರು ಹೋಗಬಹುದು, ಹೆಸರು ಹೊರಗೆ ಬರುತ್ತದೋ ಎಂದು. ಅದು ನಿನಗಾಗಿ ಕೇಳಿದ್ದೇ? ಕೇಳಿದ್ದು ನಿನಗಾಗಿ ಎಂದು ಒಂದು ಮಾತು ಬರೆದಿದ್ದರೆ ನಾನು ಬೇರೆ ಮತ ಹಾಕುತ್ತಿದ್ದೆ. ಹಾಕುತ್ತಿದ್ದೆ ಅಣ್ಣ. ನನ್ನನ್ನು ನಂಬು.

ನಾಡೀನ್


ಹೆಮ್ಲಾಕ್ ಗ್ಯಾಪ್
19 ಅಕ್ಟೋಬರ್ 2018

ನಾಡೀನ್,

ನನಗಾಗಿಯೇ ಕೇಳಿದ್ದು. ಬರೆಯಬೇಕಿತ್ತು. ಬರೆಯಲಿಲ್ಲ. ನೀನು ಬೇರೆ ಮತ ಹಾಕುತ್ತಿದ್ದೆಯೋ ಇಲ್ಲವೋ ನಿನಗೇ ಗೊತ್ತು. ಅದನ್ನು ನಾನು ನಂಬುತ್ತೇನೋ ಇಲ್ಲವೋ ಎಂದು ಈಗ ಕೇಳಬೇಡ.

ಡೆರಿಕ್ ಜೈಲಿನಲ್ಲಿದ್ದಾನೆ. ನೋಡಲು ಹೋದರೆ ಹೊರಗೆ ಬರುವುದಿಲ್ಲ. ನಾನು ಆ ಕುರ್ಚಿಯಲ್ಲಿ ಸಮಯ ಮುಗಿಯುವವರೆಗೆ ಕೂತು ಬರುತ್ತೇನೆ.

ಊರು ಹೇಗಿದೆ ಎಂದು ನೀನು ಈ ಸಲ ಕೇಳಲಿಲ್ಲ. ಆದರೂ ಹೇಳುತ್ತೇನೆ. ಮಾರ್ನಿಯನ್ನು ಮಣ್ಣುಮಾಡಿದ ಮಾರನೆಯ ದಿನ ಬೆಳಿಗ್ಗೆ ಚರ್ಚಿನ ಕಡೆ ಹೋದೆ. ಸೇತುವೆವರೆಗೆ ಅರ್ಧಕ್ಕೂ ಹೆಚ್ಚು ಅಂಗಳಗಳಲ್ಲಿ ಬೋರ್ಡು ಇರಲಿಲ್ಲ. ನೆಲದಲ್ಲಿ ತೂತು ಮಾತ್ರ ಇತ್ತು. ಒಬ್ಬರಿಗೊಬ್ಬರು ಹೇಳಿಕೊಂಡು ಕಿತ್ತದ್ದಲ್ಲ. ಹಾರ್ಲನ್ ಅಂಗಡಿಯ ಹಿಂದೆ ಅವನ ಎರಡು ಬೋರ್ಡು ಕಸದ ತೊಟ್ಟಿಯಲ್ಲಿ ಬಿದ್ದಿದ್ದವು. "ನಿನಗೆ ಬೇಡವಾಗಿದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. ಅವನು ಮೇವಿನ ಚೀಲ ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. "ನಿನ್ನ ಕೈಲಿ ಸುತ್ತಿಗೆ ಇತ್ತಲ್ಲ ವರ್ಲಿನ್. ನೀನೇ ಬಂದ್ಮೇಲೆ ಊರೆಲ್ಲ ನಿನ್ನ ಕಡೆ ಅಂದ್ಕೊಂಡೆ. ನನ್ನ ಹೆಂಡ್ತಿ ಆವತ್ತಿಂದ ನನ್ನ ಹತ್ರ ಸರಿಯಾಗಿ ಮಾತಾಡಿಲ್ಲ" ಅಂದ. ಊರೆಲ್ಲ ಆ ಕಡೆ ಎಂದುಕೊಂಡು ನಾನು ಸುತ್ತಿಗೆ ಹಿಡಿದಿದ್ದೆ. ಸಹಿ ಹಾಕಿದವರು ನನ್ನ ಮನೆಗೆ ಬರುತ್ತಾರೆ, ಒಬ್ಬೊಬ್ಬರಾಗಿ, ಹಿಂದಿನ ಬಾಗಿಲಿಗೆ. ಸೂಪು ತರುತ್ತಾರೆ. ಎಲ್ಲರೂ ಹೇಳುವುದು ಹಾರ್ಲನ್ ಹೇಳಿದ ಮಾತನ್ನೇ. ಸಂಘವನ್ನು ಈಗ ಬಾಯಿಗೆ ಬಂದಂತೆ ಬೈಯುತ್ತಾರೆ. ಆಮೇಲೆ ನಾನು ಹೀಗೆಂದೆ ಎಂದು ಯಾರಿಗೂ ಹೇಳಬೇಡ ಎನ್ನುತ್ತಾರೆ. ಕ್ಲಬ್ಬಿನ ಕೀಲಿಯನ್ನು ನಾನು ವಾಪಸು ಕೊಟ್ಟೆ.

ನಿನ್ನ ಸಮೀಕ್ಷೆಯವನು ಸರಿಯಾಗಿಯೇ ಹೇಳಿದ್ದ. ನನ್ನ ಕಾಗದ ತೋರಿಸಿ ನೀನು ಅವನ ಬಾಯಿ ಮುಚ್ಚಿಸಿದೆ. ಅದು ನೆನಪಾದಾಗಲೆಲ್ಲ ನನಗೆ ಊಟ ಸೇರುವುದಿಲ್ಲ.

ಈಗ ಬರೆಯುವುದಕ್ಕೇ ಕೂತ ವಿಷಯ. ಸಂಘದವರು ಪ್ರತಿ ಚುನಾವಣೆಗೆ ಮುಂಚೆ ಕಳಿಸುವ ಕಿತ್ತಳೆ ಬಣ್ಣದ ಮಾರ್ಕಿನ ಕಾರ್ಡು ಈ ವಾರ ಬಂತು. ಎಂದೋ ಅಚ್ಚು ಹಾಕಿಸಿದ್ದಿರಬೇಕು, ಯಾರೂ ನಿಲ್ಲಿಸಲಿಲ್ಲ. ಮಂಗಳವಾರ ಗ್ಲೆಂಡಾ ಅಂಚೆ ಕೊಡಲು ಬಂದವಳು ಗಾಡಿಯಿಂದ ಇಳಿದು ಬಾಗಿಲಿಗೇ ಬಂದು, ಕರೆಂಟು ಬಿಲ್ಲು ಕೈಗಿಟ್ಟು, ಇವತ್ತು ಇಷ್ಟೇ ಎಂದಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಬೇರೆಯದೂ ಕೊಡು ಎಂದೆ. ಕೊಟ್ಟಳು.

ಕಾರ್ಡಿನ ಮೇಲೆ ನಿನ್ನ ಫೋಟೋ ಚೆನ್ನಾಗಿ ಬಂದಿದೆ. ನೀನು ನಗುತ್ತಿದ್ದೀಯ. ಬಂದೂಕಿನ ಒಂದು ತುದಿ ನಿನ್ನ ಕೈಯಲ್ಲಿ, ಇನ್ನೊಂದು ತುದಿ ಡೆರಿಕ್ ಕೈಯಲ್ಲಿ. ನಿಮ್ಮ ಹಿಂದೆ, ಅರ್ಧ ಎದ್ದು ಬಾಯಿ ತೆರೆದಿರುವ ಮುದುಕ ನಾನು. ಕೆಳಗೆ ನಿನ್ನ ಹೆಸರು, ಅದರ ಪಕ್ಕದಲ್ಲಿ ದೊಡ್ಡ ಎ.

"ಮಾರ್ನಿಯ ತಾಯಿ ಮನೆಗೂ ಹಾಕಿದ್ಯಾ?" ಎಂದು ಕೇಳಿದೆ. ಗ್ಲೆಂಡಾ ಅತ್ತಳು. ವಿಳಾಸ ಇದ್ದದ್ದನ್ನು ಹಾಕದೆ ಇರುವಂತಿಲ್ಲ, ಹಾಕಿದೆ ಎಂದಳು. ಆ ಮನೆಯಲ್ಲಿ ಶಾಲೆಯ ಬಸ್ಸಿನಿಂದ ಇಳಿದು ಅಂಚೆಪೆಟ್ಟಿಗೆ ತೆರೆಯುವುದು ಎಮ್ಮಿ. ದಿನವೂ ಅವಳೇ.

ಸಂಜೆ ಅವಳ ಅಜ್ಜಿ ಫೋನ್ ಮಾಡಿದರು. ಮಗು ಆ ಕಾರ್ಡನ್ನು ಯಾರಿಗೂ ಕೊಡುತ್ತಿಲ್ಲವಂತೆ, ಅಪ್ಪನ ಫೋಟೋ ಎಂದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳಂತೆ. ಆಮೇಲೆ ಎಮ್ಮಿಗೇ ಫೋನ್ ಕೊಟ್ಟರು. ಅವಳಿಗೂ ಈ ವರ್ಷದಿಂದ ಶಾಲೆಯಲ್ಲಿ ಮಾರ್ಕು ಹಾಕುತ್ತಾರೆ.

"ತಾತ, ನಾಡೀನ್ ಅಜ್ಜಿಗೆ ಎ ಸಿಕ್ಕಿದೆಯಲ್ಲ, ಅದು ಯಾವುದ್ರಲ್ಲಿ?" ಎಂದು ಕೇಳಿದಳು.

ಅಜ್ಜಿಯನ್ನೇ ಕೇಳಿ ಹೇಳುತ್ತೇನೆ ಎಂದಿದ್ದೇನೆ. ಕಾಯುತ್ತಿದ್ದಾಳೆ. ನನಗೆ ಬರೆಯಬೇಡ, ಅವಳಿಗೆ ಬರೆ.

ವರ್ಲಿನ್